ಯಾರ ಕೈಕೆಲಸ?

ಲಂಡನ್ನಿಗೆ ಹೋಗಿಬಂದ ನಮ್ಮವರು ಬ್ರಿಟಿಷ್ ಮ್ಯೂಸಿಯಂ ನೋಡಿದೆವು ಎನ್ನುತ್ತಾರೆ, ಮೇಣದ ಗೊಂಬೆಗಳನ್ನು ನೋಡಿದೆವು ಎನ್ನುತ್ತಾರೆ. ಸೌತ್ ಕೆನ್ಸಿಂಗ್‌ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಹೆಸರೆತ್ತುವವರು ಕಡಿಮೆ. ಮನೆ ನಡೆಸುವ ಹೆಂಗಸರು ಮೊದಲು ನೋಡಬೇಕಾದದ್ದು ಅದನ್ನೇ ಎಂದು ನನ್ನ ಅಭಿಪ್ರಾಯ. ಅಲ್ಲಿರುವುದು ಬಟ್ಟೆ, ಒಡವೆ, ಪಾತ್ರೆ, ಮಂಚ, ಕುರ್ಚಿ, ರತ್ನಗಂಬಳಿ. ನಾವು ದಿನಾ ಒರೆಸಿ, ಒಗೆದು, ಮಡಿಸಿಡುವ ಸಾಮಾನುಗಳ ಶ್ರೀಮಂತ ನೆಂಟರು ಅನ್ನಿ. ಪ್ರವೇಶಕ್ಕೆ ದುಡ್ಡೂ ಇಲ್ಲ. ಕಾಲಿಗೆ ಮಾತ್ರ ಮೆತ್ತನೆಯ ಚಪ್ಪಲಿ ಬೇಕು.

1852ರಲ್ಲಿ ಇದು ಶುರುವಾದದ್ದು ಒಂದು ಪಾಠಶಾಲೆಯ ಹಾಗೆ. ಒಳ್ಳೆಯ ಮಾದರಿಗಳನ್ನು ನೋಡಿ ಇಂಗ್ಲೆಂಡಿನ ತಯಾರಕರೂ ಕುಶಲಕರ್ಮಿಗಳೂ ಅಭಿರುಚಿ ಕಲಿಯಲಿ ಎಂಬುದು ಮೊದಲ ನಿರ್ದೇಶಕ ಹೆನ್ರಿ ಕೋಲ್ ಅವರ ಉದ್ದೇಶ. ದುಡಿಯುವ ಜನ ಕೆಲಸ ಮುಗಿಸಿ ಬರಲೆಂದು ಗ್ಯಾಸ್ ದೀಪ ಹಚ್ಚಿ ಸಂಜೆಯ ಮೇಲೂ ತೆರೆದಿಟ್ಟರು. ಹಸಿದವರಿಗೆಂದು ಒಳಗೇ ಫಲಾಹಾರದ ಕೋಣೆ ಕಟ್ಟಿದರು. ಪಾಠ ಹೇಳುವವಳಾದ ನನಗೆ ಇದೆಲ್ಲ ತುಂಬ ಮೆಚ್ಚಿಗೆಯಾಯಿತು.

ಆದರೆ ಪಾಠ ಯಾರಿಂದ ಕಲಿತರು? 1866ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬಾತ ನಮ್ಮ ದೇಶದ ಬಟ್ಟೆಗಳ ಏಳುನೂರು ತುಣುಕುಗಳನ್ನು ಹದಿನೆಂಟು ಸಂಪುಟಗಳಲ್ಲಿ ಅಂಟಿಸಿದ. ಭಾರತದವರು ಏನು ಉಡುತ್ತಾರೆಂದು ಅಲ್ಲಿನ ಗಿರಣಿಯವರು ತಿಳಿದು, ಅಂಥದ್ದನ್ನೇ ನೇಯ್ದು ನಮಗೆ ಮಾರಲಿ ಎಂದು! ಆತ ನೋಡಿಕೊಳ್ಳುತ್ತಿದ್ದ ಇಂಡಿಯಾ ಮ್ಯೂಸಿಯಮ್ಮಿನ ವಸ್ತುಗಳಲ್ಲಿ ಬಹುಪಾಲು ಆಮೇಲೆ ಇಲ್ಲಿಗೇ ಬಂದವು. ಗಾಜಿನ ಹಿಂದಿನ ಮಸ್ಲಿನ್ ನೋಡುತ್ತ ನನಗೆ ಬಂದದ್ದು ಹೆಮ್ಮೆಯಲ್ಲ, ಒಂದು ಬಗೆಯ ಸಿಟ್ಟು. ಮಾದರಿ ಕೊಟ್ಟ ನೇಕಾರನೇ ಮಗ್ಗ ಮುಚ್ಚಬೇಕಾಗಿ ಬಂದ ಕಥೆ ಅಲ್ಲಿನ ಪುಟ್ಟ ಚೀಟಿಗಳಲ್ಲಿ ಹಿಡಿಸುವಂಥದಲ್ಲ.

ಚೀಟಿಗಳ ಬಗ್ಗೆಯೇ ನನ್ನ ಮುಖ್ಯ ತಕರಾರು. ವಸ್ತು ಯಾವ ಕಾಲದ್ದು, ಯಾವ ಊರಿನದು, ಯಾರು ದಾನ ಕೊಟ್ಟರು, ಎಲ್ಲ ಇದೆ. ಮಾಡಿದವರ ಜಾಗ ಎಷ್ಟೋ ಕಡೆ ಖಾಲಿ. ಕಸೂತಿಯ ಮುಂದೆ ನಿಂತಾಗಲಂತೂ ಇದು ಚುಚ್ಚುತ್ತದೆ. ಕಣ್ಣು ಮಂಜಾಗುವ ತನಕ ಹೊಲಿದವಳು ಯಾರೋ, ಚೀಟಿಯಲ್ಲಿ ನೆಲೆಸಿದವರು ಕೊಟ್ಟ ಪುಣ್ಯಾತ್ಮರು. 1590ರ ಸುಮಾರಿನ 'ವೇರ್ ಮಂಚ' ಎಂಬುದೊಂದಿದೆ, ಒಂದು ಸಂಸಾರವೇ ಮಲಗಬಹುದಾದಷ್ಟು ಅಗಲ. ಹೋಟೆಲಿನಲ್ಲಿದ್ದಾಗ ಅದರ ಮೇಲೆ ಮಲಗಿದವರು ತಮ್ಮ ಹೆಸರು ಕೆತ್ತಿಹೋಗಿದ್ದಾರೆ, ನಮ್ಮ ಹುಡುಗರು ಬೆಂಚಿನ ಮೇಲೆ ಕೆತ್ತುವಂತೆಯೇ. ಬಡಗಿಯ ಹೆಸರಿಲ್ಲ.

ಅರ್ದಬೀಲ್ ರತ್ನಗಂಬಳಿಯನ್ನು ಮಾತ್ರ ಇನ್ನೊಮ್ಮೆ ನೋಡಲು ಸಿದ್ಧಳಿದ್ದೇನೆ. ಇರಾನಿನದು, ಹತ್ತೂವರೆ ಮೀಟರ್ ಉದ್ದ. ಬಣ್ಣ ಮಾಸಬಾರದೆಂದು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಕತ್ತಲಲ್ಲಿ ಕಾದು ನಿಂತೆ. ಬೆಳಕು ಬಂದಾಗ ನಡುವಿನ ಹಳದಿ ಚಕ್ರ ಮೆಲ್ಲಗೆ ಮೇಲೆದ್ದಂತಾಯಿತು. ಅಂಚಿನಲ್ಲಿ ಮಕ್ಸೂದ್ ಕಾಶಾನಿ ಎಂಬ ಹೆಸರೂ ನಮ್ಮ ಲೆಕ್ಕದಲ್ಲಿ 1539-40ಕ್ಕೆ ಸಲ್ಲುವ ವರ್ಷವೂ ನೇಯ್ಗೆಯಲ್ಲೇ ಇವೆ. ಆ ಒಂದು ಹೆಸರಾದರೂ ಉಳಿಯಿತು, ಕುಳಿತು ಗಂಟು ಹಾಕಿದವರದ್ದಲ್ಲದಿದ್ದರೂ. ಇದಕ್ಕೊಂದು ಜೋಡಿಯಿತ್ತು. ಇದನ್ನು ಪೂರ್ತಿಯಾಗಿ ಕಾಣಿಸಲು ಅದರ ತುಂಡು ಕತ್ತರಿಸಿ ತೇಪೆ ಹಾಕಿದರಂತೆ. ಕೌದಿ ಹೊಲಿಯುವ ನಮ್ಮ ಹೆಂಗಸರು ಹರಿದ ಸೀರೆಯನ್ನು ಕತ್ತರಿಸುತ್ತಾರೆ, ಗಟ್ಟಿಯಿದ್ದದ್ದನ್ನಲ್ಲ.

ಕೊನೆಗೆ ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾಗಿ ಹೋದದ್ದು. ಬಿಳಿಯನೊಬ್ಬನ ಕತ್ತಿಗೆ ಬಾಯಿ ಹಾಕಿದ ಮರದ ಹುಲಿ. ಹಿಡಿ ತಿರುಗಿಸಿದರೆ ಅವನ ಕೈ ಮೇಲೆ ಕೆಳಗೆ ಆಡುತ್ತದೆ, ಒಳಗಿನ ಆರ್ಗನ್ನಿನಿಂದ ನರಳಾಟ ಕೇಳುತ್ತದೆ. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ತಿರುಗಿಸಿ ತಿರುಗಿಸಿ, ಲೈಬ್ರರಿಯಲ್ಲಿ ಓದುವವರಿಗೆ ತಲೆನೋವಾಗಿತ್ತಂತೆ! ಈಗ ಮುಟ್ಟುವಂತಿಲ್ಲ, ಗಾಜಿನೊಳಗೆ ಸುಮ್ಮನಿದೆ. ಎದುರಿಗೆ ಇಂಗ್ಲಿಷ್ ಮಕ್ಕಳು ನೆಲದ ಮೇಲೆ ಕುಳಿತು ಅದರ ಪಟ್ಟೆಗಳನ್ನು ಬಿಡಿಸುತ್ತಿದ್ದರು. ಒಂದು ಹುಡುಗಿ ಹುಲಿಗೆ ಹಸಿರು ಬಣ್ಣ ಹಾಕಿದ್ದಳು.