ಠಾಣೆಯ ಮೊದಲ ಹತ್ತು ನಿಮಿಷ: ಹೊಸ ಬಗೆಯ ಕ್ರೈಂ ಥ್ರಿಲ್ಲರ್ ನೋಡುವವರಿಗೊಂದು ಕೈಪಿಡಿ

ಕ್ರೈಂ ಥ್ರಿಲ್ಲರ್ ಅಂದರೇನು ಅಂತ ಬೀದರಿನವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಜನವರಿ 16ರಂದು ಹಾಡಹಗಲೇ, ನಗರದ ನಡುಮಧ್ಯೆ, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಇಬ್ಬರು ಗುಂಡು ಹಾರಿಸಿದರು. ಹಣದ ಪೆಟ್ಟಿಗೆಯನ್ನು ಬೈಕಿನ ಮೇಲಿಟ್ಟುಕೊಂಡು ಹೋದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿಸಿದರು. ಆ ದೃಶ್ಯ ಭಾಲ್ಕಿ, ಔರಾದದ ಮೊಬೈಲುಗಳಲ್ಲೆಲ್ಲ ಓಡಾಡಿತು. ಅಲ್ಲಿ ಬೈಕಿತ್ತು, ಪೆಟ್ಟಿಗೆಯಿತ್ತು, ರಸ್ತೆಯಿತ್ತು, ದಾಟಲಿಕ್ಕೆ ಒಂದು ಗಡಿಯಿತ್ತು. ಥ್ರಿಲ್ಲರಿಗೆ ಬೇಕಾದ ಸಾಮಾನೆಲ್ಲ ಸಿದ್ಧವಾಗಿತ್ತು.

ನಾನು ಇಲ್ಲಿ ಹೇಳಹೊರಟ ಥ್ರಿಲ್ಲರಿನಲ್ಲಿ ಇವು ಯಾವುವೂ ಇರುವುದಿಲ್ಲ. ಒಬ್ಬ ಹೆಣ್ಣುಮಗಳ ಫೋಟೊ, ಅದರ ಕೆಳಗೆ ನೂರಾರು ಜನ ಬರೆದ ಹೊಲಸು, ಅದನ್ನು ಹಿಡಿದುಕೊಂಡು ಠಾಣೆಗೆ ಬಂದ ಅವಳು, ಏನು ಮಾಡಬೇಕೆಂದು ತಿಳಿಯದೆ ಕೂತ ಪೊಲೀಸರು, ಇಷ್ಟೇ ಬಂಡವಾಳ. ಅಂತರ್ಜಾಲದಲ್ಲಿ ಗುಂಪುಕಟ್ಟಿಕೊಂಡು ಹೆಣ್ಣನ್ನು ದ್ವೇಷಿಸುವವರ ಬೆನ್ನುಹತ್ತುವ ಕಥೆಗಳು ಈಗ ಜಗತ್ತಿನಾದ್ಯಂತ ಬರುತ್ತಿವೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಇವು ಮೊದಲ ಸಲ ಸಪ್ಪೆ ಅನ್ನಿಸುತ್ತವೆ. ಕೊನೆಗೆ ಮುಖವಾಡ ಕಳಚುವ ಖಳ ಇಲ್ಲ, ಓಟ ಇಲ್ಲ. ರುಚಿ ಹತ್ತಬೇಕಾದರೆ ಎಲ್ಲಿ ನೋಡಬೇಕೆಂಬುದು ಗೊತ್ತಿರಬೇಕು.

ಮೊದಲು ಠಾಣೆಯೊಳಗೆ ನೋಡಿ. ಹೆಣ್ಣುಮಗಳು ಬಾಗಿಲು ದಾಟಿದ ಮೇಲಿನ ಹತ್ತು ನಿಮಿಷದಲ್ಲೇ ಇಂಥ ಕಥೆಯ ಯೋಗ್ಯತೆ ತಿಳಿದುಬಿಡುತ್ತದೆ. ಒಂದು ದೃಶ್ಯ ಊಹಿಸಿಕೊಳ್ಳಿ. ಭಾಲ್ಕಿಯಲ್ಲಿ ಡಿಗ್ರಿ ಓದುವ ಔರಾದ ಕಡೆಯ ಹುಡುಗಿ, ಅಪ್ಪನ ಜೊತೆ ಬಂದಿದ್ದಾಳೆ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ, ಟೋಪಿ ಕೈಯಲ್ಲಿದೆ. ಹೆಡ್ ಕಾನ್‌ಸ್ಟೇಬಲ್ ಮೊಬೈಲನ್ನು ಮೇಲೆ ಕೆಳಗೆ ಸರಿಸಿ ನೋಡುತ್ತಾನೆ.

“ಇದರಾಗ ಏನದ ಬೇಟಾ, ಬ್ಲಾಕ್ ಮಾಡು, ಮುಗೀತು. ನಿನ್ನ ಫೋಟೊ ಯಾಕ ಹಾಕಿದಿ ಮತ್ತ?”

“ಕಾಲೇಜ್ ಫಂಕ್ಷನ್‌ದು ಸರ್. ನಾ ಒಬ್ಬಾಕಿ ಅಲ್ಲ, ಎಲ್ಲಾರೂ ಹಾಕ್ಯಾರ.”

“ನೋಡ್ರಿ ಕಾಕಾ, ಕೇಸ್ ಮಾಡಿದ್ರ ಊರಾಗ ಹೆಸರು ನಿಮ್ದೇ ಕೆಡ್ತದ.”

ಒರಟು ಮಾತು ಒಂದೂ ಇಲ್ಲ. ಬೇಟಾ ಅಂದ, ಕಾಕಾ ಅಂದ, ಬಹುಶಃ ಚಹಾ ಕೂಡ ತರಿಸಿದ. ಆದರೂ ಮೊಬೈಲಿನೊಳಗೆ ನೂರು ಜನ ಹೇಳಿದ್ದನ್ನೇ ಈತ ಮೆತ್ತಗೆ ಹೇಳಿದ್ದಾನೆ, ತಪ್ಪು ನಿನ್ನದು ಅಂತ. ಒಳ್ಳೆಯ ಥ್ರಿಲ್ಲರ್ ಈ ಮೆತ್ತನೆಯ ದನಿಯನ್ನು ಹಿಡಿಯುತ್ತದೆ. ಕೆಟ್ಟದ್ದು ಈ ಹತ್ತು ನಿಮಿಷವನ್ನು ಹಾರಿಸಿ ನೇರವಾಗಿ ಹ್ಯಾಕರಿನ ಕತ್ತಲೆ ಕೋಣೆಗೆ ಹೋಗುತ್ತದೆ. ಹಸಿರು ಅಕ್ಷರಗಳು ಸರಸರ ಇಳಿಯುವ ಆ ಕೋಣೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ!

ಠಾಣೆಯನ್ನು ಹೀಗೆ ಗಮನಿಸಲು ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಅವರ ‘ದಹಾಡ್’ (2023) ಸರಣಿ ಒಳ್ಳೆಯ ಅಭ್ಯಾಸ. ಕಥೆ ನಡೆಯುವುದು ರಾಜಸ್ಥಾನದಲ್ಲಾದರೂ, ಅದನ್ನು ನೋಡಿದವರಿಗೆಲ್ಲ ನಮ್ಮ ಬಂಟ್ವಾಳ ಕಡೆಯ ಸರಣಿ ಕೊಲೆಗಾರ ‘ಸೈನೈಡ್ ಮೋಹನ್’ ನೆನಪಾದ. ಸರಣಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ ಹಾದುಹೋದಾಗಲೆಲ್ಲ ಒಬ್ಬ ಸಿಬ್ಬಂದಿ ಊದುಬತ್ತಿ ಹಚ್ಚುತ್ತಾನೆ. ಮೇಲಧಿಕಾರಿ ಹೆಣ್ಣು, ಮೇಲಾಗಿ ತನಗಿಂತ ಕೆಳಗಿನ ಜಾತಿ. ಕಥೆಗೆ ಈ ಊದುಬತ್ತಿ ಬೇಕಾಗಿಯೇ ಇಲ್ಲ, ಆದರೆ ಅದನ್ನು ತೆಗೆದರೆ ಸರಣಿ ಅರ್ಧ ಬಡವಾಗುತ್ತದೆ.

ಎರಡನೆಯದು ಕಾಗದಪತ್ರ. ನಗಬೇಡಿ, ಈ ಪ್ರಕಾರದಲ್ಲಿ ರೋಮಾಂಚನ ಇರುವುದೇ ಅಲ್ಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಇದಕ್ಕೇ ಜೀರೊ ಎಫ್‌ಐಆರ್ ಎನ್ನುವುದು. ಔರಾದದ ಇನ್ನೊಬ್ಬ ಹುಡುಗಿ ಉದಗೀರಿನ ಹಾಸ್ಟೆಲಿನಲ್ಲಿದ್ದು, ಹಿಂಸೆ ಕೊಡುವವನು ಹೈದರಾಬಾದಿನಲ್ಲಿದ್ದರೂ ಅವಳನ್ನು ‘ಇದು ನಮ್ಮ ಹದ್ದಲ್ಲ’ ಎಂದು ತಿರುಗಿ ಕಳಿಸುವಂತಿಲ್ಲ. ಬೆನ್ನುಹತ್ತಿ ಕಾಡುವುದು, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಾಡುವುದು ಮುಂತಾದ ಅಪರಾಧಗಳಲ್ಲಿ ಅವಳು ಹೇಳಿದ್ದನ್ನು ಮಹಿಳಾ ಪೊಲೀಸ್ ಅಧಿಕಾರಿ ಅಥವಾ ಬೇರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೇಸಾದರೆ ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರುವಂತಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇಂಥ ಕೇಸುಗಳಿಗೆಂದೇ ಸೆನ್ ಠಾಣೆಗಳಿವೆ. ಸೈಬರ್, ಆರ್ಥಿಕ, ಮಾದಕವಸ್ತು ಮೂರೂ ಒಂದೇ ಸೂರಿನಡಿ.

ಇಷ್ಟು ಗೊತ್ತಿದ್ದರೆ ತೆರೆಯ ಮೇಲೆ ನಡೆಯುವ ಸಣ್ಣ ಸಂಗತಿಯೂ ಎದೆ ಬಡಿಸುತ್ತದೆ. ಹುಡುಗಿ ಸಿಟ್ಟಿಗೆ ಮೆಸೇಜುಗಳನ್ನೆಲ್ಲ ಅಳಿಸಿಬಿಟ್ಟಳೇ? ಸ್ಕ್ರೀನ್‌ಶಾಟ್ ಇದೆ, ಲಿಂಕ್ ಇಟ್ಟುಕೊಂಡಿಲ್ಲವೇ? ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ, ಅದರಲ್ಲಿ ಕಡತದ ಹ್ಯಾಷ್ ಮೌಲ್ಯ, ಇವಿಲ್ಲದೆ ಮೊಬೈಲಿನೊಳಗಿನ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಈ ಒಂದು ಹಾಳೆಯ ಮೇಲೆ ಇಡೀ ಕ್ಲೈಮ್ಯಾಕ್ಸ್ ಕಟ್ಟಬಲ್ಲ ನಿರ್ದೇಶಕನಿಗೆ ನಾನು ಕೈ ಮುಗಿಯುತ್ತೇನೆ. ಆರೋಪಿಯ ಕಪಾಳಕ್ಕೆ ಹೊಡೆಸಿ ಶಿಳ್ಳೆ ಗಿಟ್ಟಿಸುವವನಿಗೆ ಇಲ್ಲ. ಆ ಏಟಿನಿಂದ ಕೇಸು ಗಟ್ಟಿಯಾಗುವುದಿಲ್ಲ, ಸಡಿಲಾಗುತ್ತದೆ.

ಇನ್ನು ಖಳನ ವಿಷಯ. ಈ ಪ್ರಕಾರಕ್ಕೆ ಬರುವ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ‘ಯಾರು ಮಾಡಿದ್ದು’ ಎಂದು ಹುಡುಕುತ್ತ ಕೂರುತ್ತಾರೆ. ರಮೇಶ್ ಅರವಿಂದ್ ನಿರ್ದೇಶಿಸಿ ನಟಿಸಿದ ‘100’ (2021) ಕನ್ನಡದಲ್ಲಿ ಈ ದಾರಿಗೆ ಹತ್ತಿರದ ಚಿತ್ರ. ಪೊಲೀಸ್ ಅಧಿಕಾರಿಯ ಮನೆಯವರನ್ನೇ ಸಾಮಾಜಿಕ ಜಾಲತಾಣದ ಮೂಲಕ ಕಾಡುವವನ ಕಥೆ. ಬಿಗಿಯಾಗಿದೆ, ನೋಡಬೇಕು. ಆದರೆ ಅಲ್ಲಿ ದುಷ್ಟ ಒಬ್ಬನೇ, ಚಾಣಾಕ್ಷ, ವಿಕೃತ. ಅವನು ಸಿಕ್ಕರೆ ಊರು ಶುದ್ಧ. ವಾಸ್ತವ ಹಾಗಿಲ್ಲ.

2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಹೆಸರಿನ ಆ್ಯಪಿನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಹರಾಜಿಗಿಟ್ಟಂತೆ ತೋರಿಸಿದರು. ಪತ್ರಕರ್ತೆಯರು, ಹೋರಾಟಗಾರ್ತಿಯರು, ದನಿಯಿದ್ದವರೇ ಹೆಚ್ಚು. ಮುಂಬೈ ಸೈಬರ್ ಪೊಲೀಸರು ಮೊದಲು ಹಿಡಿದದ್ದು ಬೆಂಗಳೂರಿನಲ್ಲಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಆಮೇಲೆ ಉತ್ತರಾಖಂಡದ 18 ವರ್ಷದ ಹುಡುಗಿ. ಆ ಆ್ಯಪನ್ನು ತಯಾರಿಸಿದನೆಂಬ ಆರೋಪದ ಮೇಲೆ ದೆಹಲಿ ಪೊಲೀಸರು ಬಂಧಿಸಿದ ಯುವಕ ಅಸ್ಸಾಮಿನ ಜೋರ್ಹಾಟ್‌ನವನು. ದಿಕ್ಕು ತಪ್ಪಿಸಲು ಸಿಖ್ ಹೆಸರುಗಳ ಖಾತೆ ಬಳಸಿದ್ದರೆಂದು ಮುಂಬೈ ಪೊಲೀಸರು ಹೇಳಿದರು. ಚಿತ್ರಕಥೆಗಾರ ಇದನ್ನೆಲ್ಲ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಆರೋಪಿಗಳಲ್ಲಿ ಹೆಣ್ಣೂ ಇದ್ದಳು ಎಂಬುದನ್ನು ಮರೆಯಬೇಡಿ. ಒಳ್ಳೆಯ ಕಥೆಗಾರ ಅದನ್ನು ಮುಚ್ಚಿಡುವುದಿಲ್ಲ.

2025ರ ಜುಲೈ 28ರಂದು ನಟಿ ರಮ್ಯಾ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟದ್ದು ಒಬ್ಬನ ಮೇಲಲ್ಲ, 43 ಖಾತೆಗಳ ಮೇಲೆ. ನಟ ದರ್ಶನ್ ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ನಡೆದ ವಿಚಾರಣೆಯ ಸುದ್ದಿ ಹಂಚಿಕೊಂಡಿದ್ದಕ್ಕೆ ಅವರ ಮೇಲೆ ಅಶ್ಲೀಲ ಬೈಗುಳದ ಮಳೆ ಸುರಿದಿತ್ತು. ಮುಂದೆ ಹಲವರ ಬಂಧನವೂ ಆಯಿತು. ಮಾಜಿ ಸಂಸದೆ, ಹೆಸರಾಂತ ನಟಿ, ಆಯುಕ್ತರನ್ನು ನೇರ ಕಾಣಬಲ್ಲವರು. ಅವರಿಗೇ ಹೀಗಾದರೆ ಭಾಲ್ಕಿಯ ಆ ಠಾಣೆಗೆ ಬಂದ ಹುಡುಗಿಯ ಗತಿ ಏನು ಎಂದು ಕೇಳುವ ಸಿನಿಮಾ ನನಗೆ ಬೇಕು. ಆದ್ದರಿಂದ ನೋಡುವಾಗ ಮೊದಲು ಬರೆದವನನ್ನು ಬಿಟ್ಟು, ನಕ್ಕು ಮುಂದೆ ಕಳಿಸಿದವರನ್ನು ಎಣಿಸಿ. ನಮ್ಮ ಜಿಲ್ಲೆಯಲ್ಲಿ ಅಕ್ಕಮಹಾದೇವಿಯ ಹೆಸರಿಲ್ಲದ ವೇದಿಕೆ ಭಾಷಣವಿಲ್ಲ. ಅದೇ ಭಾಷಣ ಕೇಳುತ್ತ ಹಿಂದಿನ ಸಾಲಿನಲ್ಲಿ ಕೂತವರ ಕೈಯಲ್ಲಿ ಏನು ಓಡಾಡುತ್ತಿದೆಯೆಂದು ಕ್ಯಾಮೆರಾ ಇಣುಕಿ ನೋಡಿದರೆ ಅದು ಧೈರ್ಯ.

ಭಾಷೆಗೂ ಕಿವಿ ಕೊಡಿ. ಬೀದರಿನ ಹುಡುಗನ ಮೊಬೈಲಿನಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು ಒಂದೇ ಸಾಲಿನಲ್ಲಿ ಬರುತ್ತವೆ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಬೈಗುಳ ಒಂದು ಭಾಷೆಯದು, ನಗು ಇನ್ನೊಂದರದು. ಇಲ್ಲಿನ ಕಥೆಯಲ್ಲಿ ಖಳ ಬೆಂಗಳೂರು ಕನ್ನಡ ಆಡಿದರೆ ಅನುಮಾನ ಪಡಿ.

ಇಷ್ಟೆಲ್ಲ ಒಟ್ಟಿಗೆ ಕೂಡಿಬಂದ ಕೃತಿ ಬೇಕೆಂದರೆ ಬ್ರಿಟನ್ನಿನ ‘ಅಡಾಲಸೆನ್ಸ್’ (2025) ನೋಡಿ. ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದದ್ದು, ಫಿಲಿಪ್ ಬ್ಯಾರಂಟಿನಿ ನಿರ್ದೇಶನ. ನಾಲ್ಕು ಕಂತು, ಒಂದೊಂದು ಕಂತೂ ಒಂದೇ ಶಾಟ್. ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಮೇಲೆ 13 ವರ್ಷದ ಹುಡುಗನನ್ನು ಪೊಲೀಸರು ನಸುಕಿನಲ್ಲಿ ಹಾಸಿಗೆಯಿಂದ ಎಬ್ಬಿಸಿ ಒಯ್ಯುತ್ತಾರೆ. ಕೊಲೆ ನಡೆದದ್ದು ಮೊದಲ ಕಂತಿನಲ್ಲೇ ವಿಡಿಯೊದಲ್ಲಿ ಕಾಣುತ್ತದೆ, ‘ಯಾರು’ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಎರಡನೆಯದರಲ್ಲಿ ತನಿಖಾಧಿಕಾರಿ ಶಾಲೆಗೆ ಹೋಗುತ್ತಾನೆ. ಇನ್‌ಸ್ಟಾಗ್ರಾಂನ ಇಮೋಜಿಗಳನ್ನು ನೋಡಿ ಆ ಹುಡುಗ ಹುಡುಗಿಯ ನಡುವೆ ಸ್ನೇಹವಿತ್ತೆಂದು ತಿಳಿದಿದ್ದಾನೆ. ಅದೇ ಶಾಲೆಯಲ್ಲಿ ಓದುವ ಅವನ ಮಗ ಅಪ್ಪನನ್ನು ಒಂದು ಕೋಣೆಗೆ ಕರೆದು, ಮುಜುಗರದಿಂದ, ಆ ಚಿಹ್ನೆಗಳ ಅರ್ಥ ಬಿಡಿಸುತ್ತಾನೆ. ಕೆಂಪು ಮಾತ್ರೆ ಅಂದರೆ ಏನು, ನೂರರ ಚಿಹ್ನೆ ಅಂದರೆ ಏನು, ನೂರಕ್ಕೆ ಎಂಬತ್ತು ಹೆಣ್ಣುಗಳು ಇಪ್ಪತ್ತು ಗಂಡುಗಳನ್ನಷ್ಟೇ ಮೆಚ್ಚುತ್ತಾರೆಂಬ ಸಿದ್ಧಾಂತ ಎಲ್ಲಿಂದ ಬಂತು ಎಂದು. ಅದು ಸ್ನೇಹವಲ್ಲ, ಚುಚ್ಚುಮಾತು. ಈ ದೃಶ್ಯದಲ್ಲಿ ಗನ್ನಿಲ್ಲ, ಓಟವಿಲ್ಲ, ಹಿನ್ನೆಲೆ ಅಬ್ಬರವಿಲ್ಲ. ಅಧಿಕಾರಿಯ ತನಿಖೆ ಮಗನ ಎದುರು ಕುಸಿಯುತ್ತದೆ. ಈ ಪ್ರಕಾರದಲ್ಲಿ ನಾನು ಕಂಡ ಅತ್ಯುತ್ತಮ ದೃಶ್ಯ ಇದೇ.

ಮೊದಲು ‘100’, ಆಮೇಲೆ ‘ದಹಾಡ್’, ಕೊನೆಗೆ ‘ಅಡಾಲಸೆನ್ಸ್’ ನೋಡಿ. ಆ ಎರಡನೆಯ ಕಂತಿಗೆ ಬಂದಾಗ ಮನೆಯಲ್ಲಿ ಹದಿಮೂರು ಹದಿನಾಲ್ಕರ ಹುಡುಗನಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗ ಅಪ್ಪನಿಗೆ ಅರ್ಥ ಹೇಳುವ ಮೊದಲು ಅಲ್ಲಿಗೇ ನಿಲ್ಲಿಸಿ, ಆ ಚಿಹ್ನೆಗಳು ಏನೆಂದು ನಿಮ್ಮ ಹುಡುಗನನ್ನು ಕೇಳಿ.