ಬೆರಳು ತಡೆದು ನಿಂತ ಗಳಿಗೆ

ಯಳಂದೂರು ತಾಲ್ಲೂಕಿನ ಹೊನ್ನೂರು ಕಡೆಯವರಿಗೆ ಮಲೆ ಮಾದೇಶ್ವರನ, ಅಂದರೆ ನಮ್ಮ ಮಾದಪ್ಪನ ಕಥೆ ಕಿವಿಯಿಂದ ಬಂದದ್ದು. ಅವನ ಭಕ್ತ ಹಾಡುಗಾರರಾದ ದೇವರಗುಡ್ಡರು ಎಡ ಅಂಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಾಳ ಬೀಸಿ ತಟ್ಟುತ್ತ ಹಾಡುತ್ತಾರೆ. ಹಿಮ್ಮೇಳದವರು ಸೊಲ್ಲು ಹಿಡಿಯುವಷ್ಟರಲ್ಲಿ ಮುಂದಿನ ಸಾಲು ಮುಖ್ಯ ಹಾಡುಗಾರನ ನಾಲಿಗೆಯ ಮೇಲಿರುತ್ತದೆ. ಹೆಬ್ಬಣಿ ಮಾದಯ್ಯನವರ ತಂಡ ಹಾಡಿದ ಮಾದಪ್ಪನ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಎಂಥ ದೊಡ್ಡ ಕೆಲಸ!

ಇಂಥ ಕೆಲಸದಲ್ಲಿ ಮನಸ್ಸು ಹೇಗೆ ದುಡಿಯುತ್ತದೆ ಎಂಬುದನ್ನು ಅನುವಾದ ಅಧ್ಯಯನವೂ ಅರಿವಿನ ವಿಜ್ಞಾನವೂ ಕೂಡಿ ತೋರಿಸುವ ಬಗೆ ನನ್ನನ್ನು ಬೆರಗುಗೊಳಿಸುತ್ತದೆ. 1995ರಲ್ಲಿ ಕೋಪನ್‌ಹೇಗನ್ನಿನಲ್ಲಿ ರೂಪುಗೊಂಡ ಟ್ರಾನ್ಸ್‌ಲಾಗ್ ತಂತ್ರಾಂಶ ಅನುವಾದಕರು ಒತ್ತಿದ ಪ್ರತಿ ಕೀಲಿ, ಅಳಿಸಿದ ಪ್ರತಿ ಅಕ್ಷರ, ನಡುವೆ ತಡೆದು ನಿಂತ ಗಳಿಗೆ ಎಲ್ಲವನ್ನೂ ದಾಖಲಿಸುತ್ತದೆ. ಕಣ್ಣಿನ ಚಲನೆ ಅಳೆಯುವ ಸಾಧನ ಜೊತೆಗಿದ್ದರೆ ನೋಟ ಮೂಲದ ಯಾವ ಸಾಲಿಗೆ ಮರಳಿತು ಎಂಬುದೂ ತಿಳಿಯುತ್ತದೆ. ಅಚ್ಚಾದ ಪುಸ್ತಕದಲ್ಲಿ ಕಾಣದ ಶ್ರಮ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಈ ಕೆಲಸ ಕಲಿಯಲು ನೆರವೂ ಇದೆ. ಮೈಸೂರಿನ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಡಿ 2008ರಲ್ಲಿ ಆರಂಭವಾದ ರಾಷ್ಟ್ರೀಯ ಅನುವಾದ ಮಿಷನ್ ಅನುವಾದಕರಿಗೆ ತರಬೇತಿ ಕೊಡುತ್ತ ಬಂದಿದೆ. ಗಡಿಸೀಮೆಯ ನಮ್ಮ ಹುಡುಗ ಹುಡುಗಿಯರಲ್ಲಿ ಕನ್ನಡ, ತಮಿಳು ಎರಡೂ ಬಲ್ಲವರಿದ್ದಾರೆ. ಅವರು ಅನುವಾದದ ವಿದ್ಯೆ ಕಲಿಯಬೇಕು, ನಮ್ಮ ಹಾಡುಗಳನ್ನು ಹೊರಗಿನವರಿಗೆ ಮುಟ್ಟಿಸಬೇಕು.