ಕರೆಂಟು ಹೋದ ಮೇಲಿನ ಫೋನು

ಇಂಟರ್ನೆಟ್ ಮೂಲಕ ಮಾತಾಡಿಸುವ ಪುಟ್ಟ ಅಡಾಪ್ಟರ್ ಪೆಟ್ಟಿಗೆ ಅಮೆರಿಕದ ಮನೆಗಳಿಗೆ ಬಂದು ಎರಡು ದಶಕ ದಾಟಿತು. ವೋನೇಜ್, ಮ್ಯಾಜಿಕ್‌ಜ್ಯಾಕ್‌ನಂಥವರು ಅದನ್ನು ಮಾರಿದ್ದು ಒಂದೇ ಆಸೆ ತೋರಿಸಿ: ಲ್ಯಾಂಡ್‌ಲೈನ್ ತೆಗೆಸಿ, ತಿಂಗಳ ಬಿಲ್ಲು ಉಳಿಸಿ. ಅಡಾಪ್ಟರ್‌ಗಳನ್ನು ತೂಗಿ ನೋಡುವ ರೂಢಿಯೂ ಆ ಜಾಹೀರಾತಿನ ಜಾಡಿನಲ್ಲೇ ಬೆಳೆಯಿತು. ನಿಮಿಷಕ್ಕೆ ಎಷ್ಟು, ಧ್ವನಿ ಹೇಗೆ, ಸೆಟ್ ಮಾಡುವುದು ಸುಲಭವೇ ಎಂದು ಕೇಳುತ್ತಾರೆ. ಲ್ಯಾಂಡ್‌ಲೈನ್ ಉಳಿಸಿಕೊಂಡೇ ಪಕ್ಕದಲ್ಲಿ ಅಡಾಪ್ಟರ್ ಇಡುವ ಮನೆಗೆ ಈ ಪ್ರಶ್ನೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ದರ ಪೆಟ್ಟಿಗೆಯ ಗುಣವಲ್ಲ, ಸೇವೆ ಕೊಡುವ ಕಂಪನಿಯದು. ಧ್ವನಿಯ ಮಾತೂ ಅಷ್ಟೆ: ಧ್ವನಿಯನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್ ಎಲ್ಲ ಪೆಟ್ಟಿಗೆಗಳಲ್ಲೂ ಇದೆ, ಒಂದು ಕರೆಗೆ ಅದು ಕೇಳುವುದು ಸೆಕೆಂಡಿಗೆ ಸುಮಾರು 90 ಕಿಲೋಬಿಟ್. ಇಂದಿನ ಯಾವ ಬ್ರಾಡ್‌ಬ್ಯಾಂಡಿಗೂ ಅದೊಂದು ಹೊರೆಯಲ್ಲ. ಪೆಟ್ಟಿಗೆ ಪೆಟ್ಟಿಗೆಗೆ ನಿಜವಾಗಿ ವ್ಯತ್ಯಾಸ ಕಾಣುವುದು ಕರೆಂಟು ಹೋದಾಗ ಅದು ಏನು ಮಾಡುತ್ತದೆ ಎಂಬಲ್ಲಿ. ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ತಾಮ್ರದ ಲ್ಯಾಂಡ್‌ಲೈನಿಗೆ ಮನೆಯ ಕರೆಂಟು ಬೇಕಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಹರಿದು ಬರುತ್ತದೆ. ಬೀದಿಯೆಲ್ಲ ಕತ್ತಲಾದರೂ ತಂತಿಯ ಫೋನಿನಲ್ಲಿ ಡಯಲ್ ಟೋನ್ ಇರುತ್ತದೆ. ಅಡಾಪ್ಟರಿನ ಎಫ್‌ಎಕ್ಸ್‌ಎಸ್ ಸಾಕೆಟ್ ಇದನ್ನೇ ಸಣ್ಣದಾಗಿ ನಟಿಸುತ್ತದೆ. ಅದಕ್ಕೆ ಸಿಕ್ಕಿಸಿದ ಫೋನಿಗೆ ಅಡಾಪ್ಟರೇ ಎಕ್ಸ್‌ಚೇಂಜು, ವಿದ್ಯುತ್ತೂ ಅದರದ್ದೇ, ರಿಂಗೂ ಅದರದ್ದೇ. ಎಫ್‌ಎಕ್ಸ್‌ಒ ಸಾಕೆಟ್ ಇದಕ್ಕೆ ತದ್ವಿರುದ್ಧ. ಗೋಡೆಯಿಂದ ಬಂದ ಲೈನಿಗೆ ಅದು ಒಂದು ಫೋನಿನ ಹಾಗೆ ವರ್ತಿಸುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುವುದರಿಂದ ಕೊಳ್ಳುವವರು ಎಡವುವುದು ಇಲ್ಲೇ. ಗ್ರ್ಯಾಂಡ್‌ಸ್ಟ್ರೀಮ್‌ನ ಎಚ್‌ಟಿ802 ಪೆಟ್ಟಿಗೆಯಲ್ಲಿ ಎರಡು ಫೋನ್ ಸಾಕೆಟ್ ಕಂಡು ಒಂದು ಲ್ಯಾಂಡ್‌ಲೈನಿಗೆ ಇರಬೇಕು ಅಂದುಕೊಂಡರೆ ಕೆಟ್ಟಂತೆ; ಎರಡೂ ಎಫ್‌ಎಕ್ಸ್‌ಎಸ್. ಗೋಡೆಯ ಲೈನನ್ನು ಅದಕ್ಕೆ ಚುಚ್ಚಿದರೆ ಎರಡು ಕಡೆಯಿಂದಲೂ ವೋಲ್ಟೇಜು ಎದುರಾಬದುರಾಗಿ ನಿಂತು ಪೆಟ್ಟಿಗೆ ಸುಡುವ ಸಂಭವವಿದೆ. ಅದೇ ಕಂಪನಿಯ ಎಚ್‌ಟಿ813ರಲ್ಲಿ ಎರಡರಲ್ಲಿ ಒಂದು ಎಫ್‌ಎಕ್ಸ್‌ಒ, ಜೊತೆಗೆ ಒಳಗೊಂದು ರಿಲೇ. ಕರೆಂಟು ಹೋದ ಕ್ಷಣ ಆ ರಿಲೇ ಬಿಟ್ಟುಕೊಂಡು ಗೋಡೆಯ ಲೈನನ್ನು ನೇರವಾಗಿ ಫೋನಿಗೆ ಕೂಡಿಸುತ್ತದೆ. ಪೆಟ್ಟಿಗೆ ಸತ್ತಿದ್ದರೂ ಫೋನು ಬದುಕಿರುತ್ತದೆ. ಹಿಂದೆ ಲಿಂಕ್‌ಸಿಸ್‌ನ ಎಸ್‌ಪಿಎ3102 ಹೆಸರು ಮಾಡಿದ್ದರಲ್ಲೂ ಈ ಗುಣದ ಪಾಲಿತ್ತು.

ಹಾಗೆಂದು ಎಫ್‌ಎಕ್ಸ್‌ಒ ಇದ್ದದ್ದೆಲ್ಲ ಚಿನ್ನವಲ್ಲ. ಪೆಟ್ಟಿಗೆಯ ಇಂಪೀಡೆನ್ಸ್, ಅಂದರೆ ವಿದ್ಯುತ್ ತಡೆ, ಲೈನಿನದಕ್ಕೆ ಹೊಂದದಿದ್ದರೆ ನಮ್ಮ ಮಾತೇ ನಮ್ಮ ಕಿವಿಗೆ ಮರಳಿ ಬಡಿಯುತ್ತದೆ. ಆ ಕಡೆಯವರು ಫೋನಿಟ್ಟದ್ದು ಪೆಟ್ಟಿಗೆಗೆ ತಿಳಿಯದಿದ್ದರೆ ಲೈನು ಸುಮ್ಮನೆ ಎತ್ತಿಟ್ಟ ಹಾಗೆಯೇ ಉಳಿದು, ಮುಂದೆ ಕರೆ ಮಾಡಿದವರಿಗೆಲ್ಲ ಎಂಗೇಜ್. ಅಮೆರಿಕದಲ್ಲಿ ಕಾಲರ್ ಐಡಿ ಮೊದಲನೆಯ ಮತ್ತು ಎರಡನೆಯ ರಿಂಗಿನ ನಡುವೆ ಬರುವುದರಿಂದ, ನಂಬರು ಹಿಡಿಯುವವರೆಗೆ ಪೆಟ್ಟಿಗೆ ಕಾದು ಕೂರಬೇಕು. ಮನೆಯ ಫೋನು ಬಾರಿಸುವ ಹೊತ್ತಿಗೆ ಕರೆದವರು ಆಗಲೇ ಒಂದೆರಡು ರಿಂಗು ಕೇಳಿರುತ್ತಾರೆ. ಇವೆಲ್ಲ ಸೆಟ್ಟಿಂಗ್ ತಿದ್ದಿ ಹದಕ್ಕೆ ತರಬಹುದಾದ ದೋಷಗಳು, ಆದರೆ ತಾಳ್ಮೆ ಬೇಕು. ಆ ತಾಳ್ಮೆ ಬೇಡದ ಪೆಟ್ಟಿಗೆ ಎಂದೇ ಒಬಿಹಾಯ್ ಕಂಪನಿಯ ಓಬಿ110 ಜನಪ್ರಿಯವಾಯಿತು. ವೆಬ್ ಪುಟದಲ್ಲಿ ನಾಲ್ಕು ಗುಂಡಿ ಒತ್ತಿದರೆ ಗೂಗಲ್ ವಾಯ್ಸ್ ಮೂಲಕ ಅಮೆರಿಕದೊಳಗೆ ಪುಕ್ಕಟೆ ಮಾತು, ಪಕ್ಕದಲ್ಲಿ ಲ್ಯಾಂಡ್‌ಲೈನ್. 2018ರಲ್ಲಿ ಗೂಗಲ್ ತನ್ನ ಹಳೆಯ ಸಂಪರ್ಕ ವಿಧಾನ ಕೈಬಿಟ್ಟಿತು, ಓಬಿ110ಕ್ಕೆ ಆ ದಾರಿ ಮುಚ್ಚಿತು. ಪುಕ್ಕಟೆ ಮಾತಿಗೆಂದು ಕೊಂಡವರಿಗೆ ಪೆಟ್ಟಿಗೆಯ ಅರ್ಧ ಬೆಲೆ ಅಂದೇ ಇಳಿಯಿತು. ಲೈನ್ ಸಾಕೆಟ್ ನೋಡಿ ಕೊಂಡವರಿಗೆ ಬೇರೆ ಇಂಟರ್ನೆಟ್ ಕರೆ ಸೇವೆ ಹುಡುಕುವ ಕೆಲಸವಷ್ಟೇ ಉಳಿಯಿತು.

ಕೈಯಲ್ಲಿ ಮೊಬೈಲ್ ಇರುವಾಗ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪ ಸಹಜ. ಮೊಬೈಲ್ ಸಾಕಾಗುವ ಮನೆಗೆ ಲ್ಯಾಂಡ್‌ಲೈನೂ ಬೇಡ, ಅಡಾಪ್ಟರೂ ಬೇಡ. ಈ ಚರ್ಚೆ ಆ ಮನೆಯದಲ್ಲ. ಲ್ಯಾಂಡ್‌ಲೈನ್ ಉಳಿಸಿಕೊಂಡವರು ಬಹುಮಟ್ಟಿಗೆ ಸಿಗ್ನಲ್ ಸಿಗದ ಕಡೆ ಇರುವವರು ಅಥವಾ ವಯಸ್ಸಾದವರು, ಅವರಿಗೆ ತುರ್ತು ಕರೆಯ ನಂಬರು 911 ಮುಖ್ಯ. ಇಂಟರ್ನೆಟ್ ಫೋನುಗಳೂ 911 ಕರೆಯನ್ನು ವಿಳಾಸದೊಂದಿಗೆ ತಲುಪಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2005ರಲ್ಲೇ ಆಜ್ಞೆ ಮಾಡಿದೆ, ಸರಿ. ಆದರೆ ಆ ವಿಳಾಸ ಗ್ರಾಹಕರು ಬರೆದುಕೊಟ್ಟದ್ದು. ಮನೆ ಬದಲಿಸಿ ವಿಳಾಸ ತಿದ್ದಲು ಮರೆತರೆ ಆಂಬ್ಯುಲೆನ್ಸು ಹಳೆಯ ಮನೆಯ ಬಾಗಿಲಿಗೆ ಹೋಗುತ್ತದೆ. ಡಯಲ್ ಪ್ಲಾನಿನಲ್ಲಿ ಒಂದು ಸಾಲು ಬರೆದು 911 ಒತ್ತಿದೊಡನೆ ಕರೆ ಗೋಡೆಯ ಲೈನಿಗೇ ಹೋಗುವಂತೆ ಮಾಡುವುದು ಎಫ್‌ಎಕ್ಸ್‌ಒ ಇರುವ ಪೆಟ್ಟಿಗೆಯಲ್ಲಿ ಮಾತ್ರ ಸಾಧ್ಯ. ಯುಪಿಎಸ್ ಇಟ್ಟರಾಯಿತಲ್ಲ ಎಂಬ ಮಾತೂ ಅರ್ಧ ಸತ್ಯ. ಮೋಡೆಮ್, ರೌಟರ್, ಅಡಾಪ್ಟರ್ ಮೂರನ್ನೂ ಅದು ಹೊರಬೇಕು, ಹೊತ್ತರೂ ಬೀದಿಯ ಇಂಟರ್ನೆಟ್ ಉಪಕರಣಕ್ಕೆ ಕರೆಂಟು ಇರಬೇಕು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ತಾಮ್ರವೇ ಹೋಗುತ್ತಿದೆಯಲ್ಲ? ಎಟಿ ಅಂಡ್ ಟಿ ತನ್ನ ಹೆಚ್ಚಿನ ಪ್ರದೇಶಗಳಲ್ಲಿ 2029ರ ಕೊನೆಯೊಳಗೆ ತಾಮ್ರದಿಂದ ಹೊರಬರುವೆನೆಂದಿದೆ. ಬ್ರಿಟನ್ ಹಳೆಯ ಜಾಲ ಮುಚ್ಚುವ ಗಡುವನ್ನು 2025ರ ಡಿಸೆಂಬರ್‌ನಿಂದ 2027ರ ಜನವರಿಗೆ ಮುಂದೂಡಿದೆಯಷ್ಟೆ. ಇದನ್ನು ಒಪ್ಪಲೇಬೇಕು. ಮನೆಯ 'ಲ್ಯಾಂಡ್‌ಲೈನ್' ಫೈಬರ್ ಮೋಡೆಮಿನ ಬೆನ್ನಿನಿಂದ ಬರುತ್ತಿದ್ದರೆ ರಿಲೇಯಿಂದ ಏನೂ ಪ್ರಯೋಜನವಿಲ್ಲ. ಒಂದೇ ಪ್ಲಗ್ಗು ಕಿತ್ತರೆ ಎರಡು ಫೋನೂ ಮೂಕ. ಅಂಥವರು ಎಚ್‌ಟಿ813ಕ್ಕೆ ಹೆಚ್ಚು ಹಣ ಹಾಕಬೇಕಿಲ್ಲ, ಎಫ್‌ಎಕ್ಸ್‌ಒ ಇಲ್ಲದ ಎಚ್‌ಟಿ801 ಸಾಕು, ಉಳಿದ ಹಣ ಬ್ಯಾಟರಿಗೆ ಹೋಗಲಿ. ಮನೆಯ ಲೈನು ಯಾವ ಬಗೆಯದೆಂದು ತಿಳಿಯುವುದು ಸುಲಭ: ಮೋಡೆಮಿನ ಪ್ಲಗ್ಗು ಕಿತ್ತು, ಗೋಡೆಯ ಸಾಕೆಟ್ಟಿಗೆ ನೇರ ಸಿಕ್ಕಿಸಿದ ತಂತಿಯ ಫೋನೆತ್ತಿ ಡಯಲ್ ಟೋನ್ ಇದೆಯೇ ಎಂದು ಕೇಳುವುದು. ಕಾರ್ಡ್‌ಲೆಸ್ ಫೋನಿನಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅದರ ಬೇಸಿಗೇ ಕರೆಂಟು ಬೇಕು.

ಅಮೆರಿಕದ ಕನ್ನಡಿಗರು ಇಂಥ ಪೆಟ್ಟಿಗೆಯನ್ನು ಊರಿನ ಅಪ್ಪ-ಅಮ್ಮನ ಮನೆಗೆ ಸೂಟ್‌ಕೇಸಿನಲ್ಲಿ ತರುವ ಯೋಚನೆ ಮಾಡಿದರೆ ಮೇಲಿನ ವಾದ ತಿರುಗಿ ನಿಲ್ಲುತ್ತದೆ. ವಿದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ಪರವಾನಗಿ ಇಲ್ಲದೆ ಇಲ್ಲಿನ ಫೋನ್ ಜಾಲಕ್ಕೆ ದಾಟಿಸುವುದನ್ನು ಭಾರತದ ದೂರಸಂಪರ್ಕ ಇಲಾಖೆ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸರು ಆಗಾಗ ಹಿಡಿಯುವ ಅಕ್ರಮ ಎಕ್ಸ್‌ಚೇಂಜುಗಳು ಮಾಡುವುದು ದೊಡ್ಡ ಪ್ರಮಾಣದಲ್ಲಿ ಇದನ್ನೇ. ಎಚ್‌ಟಿ813 ಅದನ್ನು ಮಾಡಬಲ್ಲ ಯಂತ್ರ, ಮಾಡಿಸುವ ಇರಾದೆ ಮನೆಯವರಿಗೆ ಇರಲಿ ಬಿಡಲಿ. ಅಲ್ಲಿ ಯಾವ ಸಾಕೆಟ್ಟಿಗಾಗಿ ಈ ಪೆಟ್ಟಿಗೆ ಕೊಳ್ಳಬೇಕೋ, ಇಲ್ಲಿ ಆ ಸಾಕೆಟ್ಟಿಗೆ ಬಿಎಸ್‌ಎನ್‌ಎಲ್ ತಂತಿ ತಾಗಿಸಬಾರದು.